ಯಾರಿಗೂ ಬೇಡವಾದ ಕಾರಿಗೆ ಇದೆಂಥ ಪ್ರೀತಿ ಸ್ವಾಮಿ!

ಹಳೇ ಕಾರು ಅಂದ ತಕ್ಷಣ ನಮ್ಮ ಜನರ ಕಣ್ಣಮುಂದೆ ಬರುವುದು ಮಹಾರಾಜರ ರೋಲ್ಸ್ ರಾಯ್ಸ್. ಹಿತ್ತಾಳೆಯ ಹಾರ್ನು, ತಟ್ಟೆಯಗಲದ ದೀಪ, ಮಂಚದಷ್ಟು ಉದ್ದದ ಬಾನೆಟ್ಟು. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಕಾರ್ ಮ್ಯೂಸಿಯಂ ನೋಡಿಯೇ ಇರುತ್ತೀರಿ. ಅಂಥ ಕಾರನ್ನು ಯಾರಾದರೂ ಜೋಪಾನ ಮಾಡಿದರೆ ಆಶ್ಚರ್ಯವೇನೂ ಇಲ್ಲ. ಚಿನ್ನವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಲೋಕರೂಢಿ. ತಗಡಿನ ಡಬ್ಬಕ್ಕೆ ಬೀಗ ಹಾಕುವವರನ್ನು ಕಂಡಿದ್ದೀರಾ?

ಬ್ರಿಟನ್ನಿನಲ್ಲಿ ಅಂಥವರ ಒಂದು ಪಂಗಡವೇ ಇದೆ. ಅವರು ಸಾಕುತ್ತಿರುವುದು ರಾಜಮಹಾರಾಜರ ಕಾರನ್ನಲ್ಲ, ಹೊಸದಿದ್ದಾಗಲೇ ಜನ ಹಲ್ಲುಕಿರಿದು ನಕ್ಕಿದ್ದ ಕಾರುಗಳನ್ನು. ಮೋರಿಸ್ ಮರೀನಾ, ಆಸ್ಟಿನ್ ಅಲೆಗ್ರೊ, ಆಸ್ಟಿನ್ ಮ್ಯಾಕ್ಸಿ ಹೀಗೆ. ಗುಮಾಸ್ತರು, ಮೇಷ್ಟ್ರುಗಳು, ಕಂಪನಿ ಸೇಲ್ಸ್‌ಮನ್‌ಗಳು ಕಂತು ಕಟ್ಟಿ ಕೊಂಡು, ಓಡಿಸುವಷ್ಟು ಓಡಿಸಿ, ಕೊನೆಗೆ ಗುಜರಿಗೆ ತಳ್ಳಿದ ಗಾಡಿಗಳು. ಇವುಗಳಿಗೆ ರೂಪ ಇಲ್ಲ, ರೇಸಿನಲ್ಲಿ ಗೆದ್ದ ಕೀರ್ತಿ ಇಲ್ಲ, ಮಾರಿದರೆ ದೊಡ್ಡ ಕಾಸೂ ಇಲ್ಲ.

“ಬಸ್ಸಿಗೆ ಕಾಯುವವನಿಗೆ ಇಂಗ್ಲೆಂಡಿನ ಡಕೋಟಾ ಕಾರಿನ ಪುರಾಣ ಯಾಕ್ರೀ?” ಅಂತೀರಾ? ಕೊಂಚ ತಾಳಿ. ನಮ್ಮ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಡಿ.ಸಿ. ಆಫೀಸಿನ ಮುಂದೆ, ಮದುವೆ ದಿಬ್ಬಣದಲ್ಲಿ ವರ್ಷಾನುಗಟ್ಟಲೆ ದುಡಿದ ಅಂಬಾಸಿಡರ್ ಇದೆಯಲ್ಲ, ಅದರ ಮೂಲ ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೇ ಸರಣಿ. ಅದರಲ್ಲಿ ದಶಕಗಳ ಕಾಲ ಗುಡುಗುಟ್ಟಿದ 1489 ಸಿ.ಸಿ. ಎಂಜಿನ್ನೂ, ಅಲ್ಲಿ ಜನ ನಗುವ ಮರೀನಾದ ದೊಡ್ಡ ಎಂಜಿನ್ನೂ ಒಂದೇ ವಂಶದವು. ಅಂದರೆ ಆ ಊರಿನ ಅನಾಥರು ನಮ್ಮ ಅಂಬಾಸಿಡರ್‌ಗೆ ದಾಯಾದಿಗಳಾಗಬೇಕು!

ಚೌಕದ ಸ್ಟೇರಿಂಗು

ಈ ಕಾರುಗಳೆಲ್ಲ ಹೆಚ್ಚುಕಡಿಮೆ ಒಂದೇ ಮನೆಯ ಮಕ್ಕಳು. 1968ರಲ್ಲಿ ಬ್ರಿಟನ್ನಿನ ಹಲವು ಕಾರು ಕಂಪನಿಗಳನ್ನು ಒಂದೇ ಸೂರಿನಡಿ ತಂದು ಬ್ರಿಟಿಷ್ ಲೇಲ್ಯಾಂಡ್ ಎಂಬ ಭಾರಿ ಸಂಸ್ಥೆ ಕಟ್ಟಿದರು. ಆಸ್ಟಿನ್, ಮೋರಿಸ್, ರೋವರ್, ಟ್ರಯಂಫ್, ಜಾಗ್ವಾರ್ ಎಲ್ಲ ಅದರ ಹೊಟ್ಟೆಯೊಳಗೆ. ಕೂಡು ಕುಟುಂಬದಲ್ಲಿ ಏನಾಗುತ್ತದೋ ಅಲ್ಲಿಯೂ ಅದೇ ಆಯಿತು. ಒಳಜಗಳ, ದುಂದು, ಮೇಲಿಂದ ಮೇಲೆ ಮುಷ್ಕರ. 1975ರಲ್ಲಿ ಸರ್ಕಾರವೇ ಹಣ ಸುರಿದು ಸಂಸ್ಥೆಯನ್ನು ಕೈಗೆ ತೆಗೆದುಕೊಳ್ಳಬೇಕಾಯಿತು.

ಅಲೆಗ್ರೊ ಬಂದದ್ದು 1973ರಲ್ಲಿ. ಹ್ಯಾರಿಸ್ ಮ್ಯಾನ್ ಎಂಬ ವಿನ್ಯಾಸಕಾರ ಕಾಗದದ ಮೇಲೆ ಬರೆದಾಗ ಅದು ತೆಳ್ಳಗೆ, ಬಾಣದಂತೆ ಇತ್ತು. ಆಮೇಲೆ ಕಂಪನಿಯವರು “ಗೋದಾಮಿನಲ್ಲಿರುವ ಈ ಎತ್ತರದ ಎಂಜಿನ್ ಹಾಕಿ, ಈ ದೊಡ್ಡ ಹೀಟರೂ ಇರಲಿ” ಅಂದರು. ಬಾನೆಟ್ಟು ಉಬ್ಬಿತು, ಮೈ ಗುಂಡಗಾಯಿತು. ಅದೂ ಸಾಲದೆ ಸ್ಟೇರಿಂಗನ್ನು ಚೌಕ ಮಾಡಿದರು! ಪೂರಾ ಚೌಕವಲ್ಲ, ಮೂಲೆ ಸವೆದ ಚೌಕ. ಮೀಟರುಗಳು ಚೆನ್ನಾಗಿ ಕಾಣುತ್ತವೆ, ಮೊಣಕಾಲಿಗೆ ಜಾಗ ಸಿಗುತ್ತದೆ ಎಂಬ ವಾದ. ಗಿರಾಕಿಗಳು ಒಪ್ಪಲಿಲ್ಲ. ಸ್ವಲ್ಪ ಕಾಲದಲ್ಲೇ ದುಂಡನೆಯ ಸ್ಟೇರಿಂಗು ವಾಪಸು ಬಂತು. ಜನ ಆ ಕಾರಿಗೆ ‘ಆಲ್ ಆಗ್ರೊ’ ಅಂತ ಅಡ್ಡಹೆಸರಿಟ್ಟರು. ಬರೀ ರಗಳೆ ಅಂತ ಅರ್ಥ. ಜಾಕನ್ನು ತಪ್ಪು ಜಾಗದಲ್ಲಿ ಕೊಟ್ಟು ಎತ್ತಿದರೆ ಹಿಂದಿನ ಗಾಜು ಕಳಚಿ ಬೀಳುತ್ತದೆ ಎಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಇದೇ ಕಾರಿಗೆ ರೋಲ್ಸ್ ರಾಯ್ಸ್ ಧಾಟಿಯ ಮೂತಿ ಅಂಟಿಸಿ, ಒಳಗೆ ಮರದ ಹಲಗೆ ಕೂರಿಸಿ ‘ವ್ಯಾಂಡೆನ್ ಪ್ಲಾ’ ಎಂಬ ಶ್ರೀಮಂತ ಹೆಸರಿನಲ್ಲೂ ಮಾರಿದರು. ಬರಿಗಾಲಿನವನ ತಲೆಗೆ ಜರಿ ಪೇಟ!

ಇಷ್ಟಾದರೂ 1982ರವರೆಗೆ ಸುಮಾರು 6 ಲಕ್ಷ 42 ಸಾವಿರ ಅಲೆಗ್ರೊಗಳು ತಯಾರಾದವು. ಬೈದುಕೊಂಡೇ ಜನ ಕೊಂಡರು. ನಮ್ಮಲ್ಲೂ ಹೀಗೇ ಅಲ್ಲವೇ?

ಸಾವಿರಕ್ಕೆ ಒಂದೂ ಇಲ್ಲ

ಮರೀನಾದ ಕಥೆ ಇನ್ನೂ ಕರುಣಾಜನಕ. 1971ರಿಂದ 1980ರವರೆಗೆ ಬಂದ ಈ ಕಾರನ್ನು ಫೋರ್ಡ್ ಕಂಪನಿಯ ಗಿರಾಕಿಗಳನ್ನು ಸೆಳೆಯಲೆಂದೇ ಅವಸರದಲ್ಲಿ ಮಾಡಿದ್ದು. ಖರ್ಚು ಉಳಿಸಲು ಮುಂದಿನ ಸಸ್ಪೆನ್ಷನ್ನಿಗೆ 1948ರ ಮೋರಿಸ್ ಮೈನರ್ ಕಾರಿನ ಏರ್ಪಾಡನ್ನೇ ಬಳಸಿಕೊಂಡರು. ಅದರಲ್ಲಿ ಎಲ್ಲರೂ ಮೆಚ್ಚಿದ ಒಂದೇ ವಸ್ತು ಎಂದರೆ ಬಾಗಿಲ ಹಿಡಿ. ಅದೇ ಹಿಡಿ ರೇಂಜ್ ರೋವರ್‌ಗೂ ಹೋಯಿತು, ಲೋಟಸ್ ಎಸ್ಪ್ರಿ ಎಂಬ ಭಾರಿ ವೇಗದ ಕಾರಿಗೂ ಹೋಯಿತು. ಬಿ.ಬಿ.ಸಿ.ಯ ‘ಟಾಪ್ ಗೇರ್’ ಎಂಬ ಟಿ.ವಿ. ಕಾರ್ಯಕ್ರಮದವರಂತೂ ಮರೀನಾ ಕಂಡಲ್ಲೆಲ್ಲ ಮೇಲಿನಿಂದ ಪಿಯಾನೊ ಬೀಳಿಸಿ ಜಜ್ಜುವುದನ್ನು ತಮಾಷೆ ಮಾಡಿಕೊಂಡಿದ್ದರು. ನಗು ಬರುತ್ತದೆ ನಿಜ. ಆದರೆ ಲೆಕ್ಕ ನೋಡಿದರೆ ನಗು ನಿಲ್ಲುತ್ತದೆ.

ಬ್ರಿಟನ್ನಿನಲ್ಲಿ ಮಾರಾಟವಾದ ಮರೀನಾಗಳು ಸುಮಾರು 8 ಲಕ್ಷ 7 ಸಾವಿರ. 2006ರ ಒಂದು ಸಮೀಕ್ಷೆಯಲ್ಲಿ ರಸ್ತೆಯ ಮೇಲೆ ಉಳಿದದ್ದು 745. ಸಾವಿರಕ್ಕೆ ಒಂದೂ ಇಲ್ಲ!

ಎಲ್ಲಿ ಹೋದವು? ಬಹುಪಾಲು ತುಕ್ಕು ತಿಂದಿತು. ಆ ದೇಶದಲ್ಲಿ ಚಳಿಗಾಲ ಬಂತೆಂದರೆ ರಸ್ತೆಯ ಮೇಲೆ ಹಿಮ ಗಟ್ಟಿಯಾಗದಿರಲಿ ಎಂದು ಕಲ್ಲುಪ್ಪು ಎರಚುತ್ತಾರೆ. ಆ ಉಪ್ಪುನೀರು ಬಾಗಿಲ ಕೆಳಗಿನ ಪಟ್ಟಿಗೆ, ಚಕ್ರದ ಮೇಲಿನ ಕಮಾನಿಗೆ ನುಗ್ಗಿ ಒಳಗಿಂದೊಳಗೇ ಕೊರೆಯುತ್ತದೆ. ಹೊರಗೆ ಪೇಂಟು ಫಳಫಳ, ಒಳಗೆ ಹಪ್ಪಳ. ಇನ್ನು ಕೆಲವನ್ನು ಗುದ್ದಾಟದ ರೇಸುಗಳಲ್ಲಿ ಬೇಕೆಂದೇ ನಜ್ಜುಗುಜ್ಜು ಮಾಡಿದರು.

ಆದರೆ ನನಗೆ ತೀರಾ ಅನ್ಯಾಯವೆನಿಸುವುದು ಮೂರನೇ ಕಾರಣ. ಮೋರಿಸ್ ಮೈನರ್ ಇದೆಯಲ್ಲ, ಬ್ರಿಟನ್ನಿನಲ್ಲಿ 10 ಲಕ್ಷ ದಾಟಿದ ಮೊಟ್ಟಮೊದಲ ಕಾರು, ಅದು ಮುದ್ದಾದ ಮುಖದ ಕಾರು. ಅದಕ್ಕೆ ಅಭಿಮಾನಿಗಳು ಅಸಂಖ್ಯ. ಆ ಮೈನರ್‌ಗೆ ಒಳ್ಳೆ ಬ್ರೇಕು ಬೇಕೆಂದರೆ ಮರೀನಾದ ಡಿಸ್ಕ್ ಬ್ರೇಕು ಸಲೀಸಾಗಿ ಕೂರುತ್ತದೆ. ಹೆಚ್ಚು ಶಕ್ತಿ ಬೇಕೆಂದರೆ ಮರೀನಾದ 1275 ಸಿ.ಸಿ. ಎಂಜಿನ್ ಕೂರುತ್ತದೆ. ಹಾಗಾಗಿ ಎಷ್ಟೋ ಮರೀನಾಗಳನ್ನು ಬಿಚ್ಚಿ, ಬೇಕಾದ್ದನ್ನು ಮೈನರ್‌ಗೆ ಹಾಕಿ, ಉಳಿದದ್ದನ್ನು ಗುಜರಿಗೆ ತಳ್ಳಿದರು. ಚಂದದ ಅಕ್ಕನ ಮದುವೆಗೆ ತಂಗಿಯ ಒಡವೆ ಬಿಚ್ಚಿಕೊಟ್ಟ ಹಾಗೆ.

ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರಿಗೆ 1988ರಿಂದಲೇ ಹೊಸದಾಗಿ ಪೂರಾ ಬಾಡಿ ತಯಾರಿಸಿ ಮಾರುತ್ತಿದ್ದಾರೆ. ಗಿರಾಕಿ ಇದ್ದಾನೆ, ಅಂಗಡಿಯೂ ಇದೆ. ಮರೀನಾ, ಅಲೆಗ್ರೊಗಳಿಗೆ ಆ ಭಾಗ್ಯವಿಲ್ಲ. ಅಂಗಡಿ ಇಟ್ಟವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ವರ್ಷಕ್ಕೆ ನಾಲ್ಕು ಹೋಗುವ ಸಾಮಾನನ್ನು ಯಾರು ತಂದು ಜೋಡಿಸುತ್ತಾರೆ?

ಕಂಪನಿಯನ್ನು ಕೇಳೋಣವೆಂದರೆ ಕಂಪನಿಯೇ ಇಲ್ಲ. ಬ್ರಿಟಿಷ್ ಲೇಲ್ಯಾಂಡಿನ ಕೊನೆಯ ಕುಡಿ ಎಂ.ಜಿ. ರೋವರ್ 2005ರಲ್ಲಿ ದಿವಾಳಿಯಾಯಿತು. ಅಲೆಗ್ರೊ ಹುಟ್ಟಿದ ಲಾಂಗ್‌ಬ್ರಿಡ್ಜ್ ಕಾರ್ಖಾನೆಯ ಬಾಗಿಲು ಮುಚ್ಚಿತು, ಸುಮಾರು 6 ಸಾವಿರ ಮಂದಿಯ ಕೆಲಸ ಹೋಯಿತು. ಎಂ.ಜಿ. ಹೆಸರು ಚೀನಾದವರ ಪಾಲಾಯಿತು. 2019ರಿಂದ ನಮ್ಮ ರಸ್ತೆಗಳಲ್ಲೂ ಆ ಬಿಲ್ಲೆ ಹೊತ್ತ ಕಾರುಗಳು ಓಡಾಡುತ್ತಿವೆ, ನೋಡಿರಬಹುದು. ಜಾಗ್ವಾರ್ ಮತ್ತು ಲ್ಯಾಂಡ್ ರೋವರ್ 2008ರಲ್ಲೇ ನಮ್ಮ ಟಾಟಾ ಕಂಪನಿಗೆ ಬಂದಿದ್ದವು. ಅಲೆಗ್ರೊ ಮಾತ್ರ ಯಾರಿಗೂ ಬೇಡವಾಯಿತು.

ಮತ್ತೆ ಯಾಕೆ ಈ ಹುಚ್ಚು?

ಒಂದು ಕಾರಣ ಬಹಳ ಸರಳ, ಕಾಸಿಲ್ಲದವನೂ ಹಳೇ ಕಾರಿನ ಶೋಕಿ ಮಾಡಬಹುದು. ಜಾಗ್ವಾರ್ ಕೊಳ್ಳಲು ಮನೆ ಮಾರಬೇಕು, ಅಲೆಗ್ರೊಗೆ ಬೇಡ. ಅಲ್ಲಿನ ಸರ್ಕಾರವೂ ಸ್ವಲ್ಪ ಉದಾರಿ. 40 ವರ್ಷ ತುಂಬಿದ ಕಾರಿಗೆ ರಸ್ತೆ ತೆರಿಗೆ ಇಲ್ಲ. ಅಲ್ಲಿನ ಎಫ್.ಸಿ.ಗೆ ಎಂ.ಓ.ಟಿ. ಅಂತಾರೆ. ದೊಡ್ಡ ಬದಲಾವಣೆ ಮಾಡದ ಹಳೇ ಕಾರಿಗೆ 2018ರ ಮೇ ತಿಂಗಳಿಂದ ಅದೂ ಮಾಫಿ. ಮರೀನಾ, ಅಲೆಗ್ರೊ ಎಲ್ಲವೂ ಆ ವಯಸ್ಸು ದಾಟಿದವೇ.

ಎರಡನೆಯದು, ಸ್ವಂತ ಕೈಯಲ್ಲಿ ರಿಪೇರಿ. ಮರೀನಾದ ಬಾನೆಟ್ಟು ಎತ್ತಿದರೆ ಎಂಜಿನ್ ಕಾಣುತ್ತದೆ, ಪಕ್ಕದಲ್ಲಿ ನೆಲ ಕಾಣುತ್ತದೆ. ನಾಲ್ಕು ಸ್ಪ್ಯಾನರು, ಒಂದು ಸ್ಕ್ರೂ ಡ್ರೈವರು ಇದ್ದವನು ಭಾನುವಾರ ಮಧ್ಯಾಹ್ನದೊಳಗೆ ಪಾಯಿಂಟು, ಪ್ಲಗ್ಗು ನೋಡಿ ಮುಗಿಸಬಹುದು. ಅಲೆಗ್ರೊ ಮಾತ್ರ ತುಸು ತಕರಾರಿನದು. ಅದಕ್ಕೆ ಸ್ಪ್ರಿಂಗೇ ಇಲ್ಲ. ಅನಿಲ ತುಂಬಿದ ಗುಂಡುಗಳ ಮೇಲೆ ಕಾರು ಕೂತಿರುತ್ತದೆ, ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಕೊಳವೆಯಲ್ಲಿ ದ್ರವದ ಸಂಪರ್ಕ. ವಯಸ್ಸಾದಂತೆ ಸೋರಿ, ಕಾರು ನೆಲಕ್ಕೆ ಕುಕ್ಕರಿಸುತ್ತದೆ. ಆ ಗುಂಡುಗಳ ತಯಾರಿಕೆ ನಿಂತುಹೋಯಿತು. ಹಳೆಯದಕ್ಕೇ ಮತ್ತೆ ಅನಿಲ ತುಂಬಿಸಿ ಕಾಲ ತಳ್ಳುತ್ತಾರೆ. ಒಬ್ಬರ ಹಿತ್ತಿಲಲ್ಲಿ ಸತ್ತ ಕಾರು ಇನ್ನೊಬ್ಬರ ಕಾರಿಗೆ ಜೀವದಾನ. ಸಂಘದವರು ಒಬ್ಬರಿಗೊಬ್ಬರು ಹೇಳಿಕಳಿಸಿ ದೀಪದ ಗಾಜು, ರಬ್ಬರು, ಬೀಡಿಂಗು ಕೂಡಿಹಾಕುತ್ತಾರೆ.

ಆದರೆ ಅಸಲು ಕಾರಣ ಇದ್ಯಾವುದೂ ಅಲ್ಲ ಅಂತ ನನ್ನ ಅನಿಸಿಕೆ. ರೋಲ್ಸ್ ರಾಯ್ಸ್ ನಿಲ್ಲಿಸಿದರೆ ಜನ ದೂರ ನಿಂತು ನೋಡುತ್ತಾರೆ. ಮರೀನಾ ನಿಲ್ಲಿಸಿದರೆ ಹತ್ತಿರ ಬಂದು ಬಾಗಿಲು ಮುಟ್ಟುತ್ತಾರೆ. “ನಮ್ಮಪ್ಪನ ಹತ್ತಿರ ಇಂಥದೇ ಇತ್ತು, ಇದೇ ಕಂದು ಬಣ್ಣ, ಹಿಂದಿನ ಸೀಟಿನಲ್ಲಿ ನಾವು ಮೂರು ಜನ ಕಿತ್ತಾಡುತ್ತಿದ್ದೆವು” ಅಂತ ಶುರುಮಾಡುತ್ತಾರೆ. ಅವರಿಗೆ ಕಾರು ನೆಪ. ಆ ಸೀಟಿನ ರೆಕ್ಸಿನ್ ವಾಸನೆ, ಬಾಗಿಲು ಹಾಕಿದ ಸದ್ದು ಬೇಕು. ರಾಜರ ಕಾರನ್ನು ಕಾಪಾಡಲು ಮ್ಯೂಸಿಯಮ್ಮಿದೆ. ಗುಮಾಸ್ತನ ಕಾರನ್ನು ಕಾಪಾಡಲು ಗುಮಾಸ್ತನ ಮಗನೇ ಆಗಬೇಕು.

ಇವರಿಗಾಗಿ ಒಂದು ಜಾತ್ರೆಯೂ ನಡೆಯುತ್ತದೆ. ‘ಫೆಸ್ಟಿವಲ್ ಆಫ್ ದಿ ಅನ್‌ಎಕ್ಸೆಪ್ಷನಲ್’ ಅಂತ ಹೆಸರು. ವಿಶೇಷವೇನೂ ಇಲ್ಲದವರ ಉತ್ಸವ ಎನ್ನಬಹುದು. ಹಗೆರ್ಟಿ ಎಂಬ ವಿಮಾ ಕಂಪನಿಯವರು 2014ರಲ್ಲಿ ಶುರುಮಾಡಿದ್ದು, 2021ರಿಂದ ಲಿಂಕನ್‌ಶೈರಿನ ಗ್ರಿಮ್ಸ್‌ಥಾರ್ಪ್ ಎಂಬ ಕೋಟೆಮನೆಯ ಹುಲ್ಲುಗಾವಲಿಗೆ ಬಂತು. ಅಲ್ಲಿ ಬಹುಮಾನದ ಲೆಕ್ಕವೇ ಉಲ್ಟಾ. ರೇಡಿಯೊ ಇಲ್ಲದ, ಅಲಂಕಾರವಿಲ್ಲದ, ಅತಿ ಅಗ್ಗದ ಮಾದರಿ ಹೊಸದರಂತೆ ಉಳಿದಿದ್ದರೆ ಅದಕ್ಕೇ ಹೆಚ್ಚು ಮರ್ಯಾದೆ. ಯಾಕೆಂದರೆ ಅಂಥದನ್ನು ಯಾರೂ ಉಳಿಸಿಕೊಳ್ಳುವುದಿಲ್ಲವಲ್ಲ!

ಮದರಾಸಿನಿಂದ ಹಡಗು

ಈಗ ನಮ್ಮ ಕಡೆಗೆ ಬರೋಣ. ಹಳಬರಿಗೆ ಸ್ಟ್ಯಾಂಡರ್ಡ್ ಹೆರಾಲ್ಡ್ ನೆನಪಿರಬೇಕು. ಮೂಲ ಬ್ರಿಟನ್ನಿನ ಟ್ರಯಂಫ್, ತಯಾರಾದದ್ದು ಮದರಾಸಿನಲ್ಲಿ. ಬಾನೆಟ್ಟು ಮೊಸಳೆ ಬಾಯಿಯಂತೆ ಇಡಿಯಾಗಿ ಮುಂದಕ್ಕೆ ತೆರೆಯುತ್ತಿತ್ತು. ಬ್ರಿಟನ್ನಿನಲ್ಲಿ ಅದಕ್ಕೆ ಎರಡೇ ಬಾಗಿಲು. ಸಂಸಾರವಂದಿಗರ ದೇಶವಾದ ನಮ್ಮಲ್ಲಿ ನಾಲ್ಕು ಬಾಗಿಲಿನದೂ ಬಂತು!

ಅದೇ ಕಂಪನಿ 1985ರಲ್ಲಿ ರೋವರ್ ಎಸ್.ಡಿ.1 ಎಂಬ ಕಾರನ್ನು ‘ಸ್ಟ್ಯಾಂಡರ್ಡ್ 2000’ ಹೆಸರಿನಲ್ಲಿ ತಂದಿತು. ಮೂಲ ಕಾರು 1977ರಲ್ಲಿ ಯುರೋಪಿನ ವರ್ಷದ ಕಾರು ಎಂಬ ಬಿರುದು ಪಡೆದದ್ದು. ನಮ್ಮಲ್ಲಿ ಆ ಚಂದದ ಮೈಗೆ ಹಳೇ ವ್ಯಾನ್‌ಗಾರ್ಡ್ ಕಾಲದ ಎಂಜಿನ್ ಕೂರಿಸಿದರು. ಮೈ ಚಿರತೆಯದು, ಹೃದಯ ಎಮ್ಮೆಯದು. 1988ರ ಹೊತ್ತಿಗೆ ಅಂಗಡಿ ಬಂದ್. ಗೋದಾಮಿನಲ್ಲಿ ರಾಶಿ ಬಿಡಿಭಾಗಗಳು ಬಳಸದೆ ಉಳಿದವು. ಕೊನೆಗೆ ಅಷ್ಟನ್ನೂ ಕೊಂಡವರು ಯಾರು ಗೊತ್ತೇ? ಬ್ರಿಟನ್ನಿನ ಒಂದು ಬಿಡಿಭಾಗದ ವ್ಯಾಪಾರಿ ಸಂಸ್ಥೆ! ಇಲ್ಲಿ ಯಾರಿಗೂ ಬೇಡವಾದ ಸಾಮಾನು ಸಮುದ್ರ ದಾಟಿ ಅಲ್ಲಿನ ಮುದಿ ರೋವರ್‌ಗಳ ಆಯಸ್ಸು ಹೆಚ್ಚಿಸಿತು.

ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ಉತ್ತರಪಾರಾದಲ್ಲಿ ನಿಂತಿತು. 2017ರಲ್ಲಿ ಆ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪನಿಗೆ ಹೋಯಿತು. ಕಾರ್ಖಾನೆ ನಿಂತಿತು, ಹೆಸರು ಮಾರಿತು. ಅಲೆಗ್ರೊ ದಾರಿಯೇ! ಒಂದಾನೊಂದು ಕಾಲಕ್ಕೆ ಎಣಿಸಲಾರದಷ್ಟಿದ್ದ ಗಾಡಿ ಈಗ ಊರಿಗೆ ಎಷ್ಟಿವೆ, ಮುಂದಿನ ಸಲ ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕಾಗ ಎಣಿಸಿ ನೋಡಿ.

ಇಟ್ಟುಕೊಳ್ಳುತ್ತೇನೆ ಎನ್ನುವವನಿಗೆ ಖರ್ಚೂ ಇದೆ. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣಕ್ಕೆ 600 ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5 ಸಾವಿರವಾಯಿತು. 2025ರಲ್ಲಿ 20 ವರ್ಷ ದಾಟಿದವಕ್ಕೆ 10 ಸಾವಿರ ಮಾಡಿದರು. ಬ್ರಿಟನ್ನಿನಲ್ಲಿ ವಯಸ್ಸಾದಂತೆ ವಿನಾಯಿತಿ, ನಮ್ಮಲ್ಲಿ ವಯಸ್ಸಾದಂತೆ ದಂಡ. ವಿಂಟೇಜ್ ಎಂಬ ಗೌರವವೂ ಒಂದಿದೆ. 2021ರ ಕೇಂದ್ರದ ನಿಯಮದಂತೆ 20 ಸಾವಿರ ರೂಪಾಯಿ ಕಟ್ಟಿದರೆ ನಂಬರ್ ಪ್ಲೇಟಿನಲ್ಲಿ ‘ವಿ.ಎ.’ ಅಕ್ಷರ ಸಿಗುತ್ತದೆ. ಆದರೆ ಆಮೇಲೆ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನಕ್ಕೋ ರ‍್ಯಾಲಿಗೋ ರಿಪೇರಿಗೋ ಪೆಟ್ರೋಲಿಗೋ ಮಾತ್ರ. ಅದೂ ಕಾರಿಗೆ 50 ವರ್ಷ ತುಂಬಿದ ಮೇಲೆ. ಆ ಲೆಕ್ಕದಲ್ಲಿ ಮೊದಲ ಸ್ಟ್ಯಾಂಡರ್ಡ್ 2000 ಕಾರುಗಳಿಗೆ ಆ ಯೋಗ 2035ಕ್ಕೆ, ಕೊನೆಯ ಅಂಬಾಸಿಡರ್‌ಗೆ 2064ಕ್ಕೆ. ಅಲ್ಲಿಯವರೆಗೆ ಅದು ಆರ್.ಟಿ.ಓ. ಕಣ್ಣಿಗೆ ಬರೀ ಹಳೇ ಗಾಡಿ.