ನೀಲಿ ಕಾರುಗಳ ಸಮಾಗಮ

ಎಡಿನ್‌ಬರೋ ನಗರಕ್ಕೆ ಹೋದ ಯಾತ್ರಿಕನು ಕೋಟೆಯನ್ನು ನೋಡುತ್ತಾನೆ, ಅರಮನೆಯನ್ನು ನೋಡುತ್ತಾನೆ, ಸರ್ ವಾಲ್ಟರ್ ಸ್ಕಾಟನ ಸ್ಮಾರಕದ ಮುಂದೆ ಕ್ಷಣಕಾಲ ನಿಲ್ಲುತ್ತಾನೆ. ಆದರೆ ಮರ್ಚಿಸ್ಟನ್ ಮ್ಯೂಸ್ ಎಂಬ ಹಿತ್ತಿಲ ಓಣಿಯನ್ನು ಹುಡುಕಿಕೊಂಡು ಹೋಗುವವರು ವಿರಳ. ಹೋದವರಿಗೂ ಅಲ್ಲಿ ಕಣ್ಸೆಳೆಯುವಂಥದೇನೂ ತೋರುವುದಿಲ್ಲ. ಆದರೂ ಈ ಓಣಿಯ ಒಂದು ಸಾಧಾರಣ ಗ್ಯಾರೇಜಿನಲ್ಲಿ, ಬೆರಳೆಣಿಕೆಯಷ್ಟು ಮಂದಿ ಮೆಕ್ಯಾನಿಕರ ಕೈಯಲ್ಲಿ ಸಜ್ಜುಗೊಂಡ ಒಂದು ಕಾರು, 1956ರಲ್ಲಿ ಫ್ರಾನ್ಸಿನ ಲ ಮಾನ್ ಪಟ್ಟಣಕ್ಕೆ ಹೋಗಿ, 24 ಗಂಟೆಗಳ ಕಾಲ ಹಗಲಿರುಳೆನ್ನದೆ ನಡೆಯುವ ಆ ಲೋಕಪ್ರಸಿದ್ಧ ಓಟದಲ್ಲಿ ಮಹಾ ಕಾರ್ಖಾನೆಗಳ ತಂಡಗಳನ್ನೆಲ್ಲ ಹಿಂದಿಕ್ಕಿ ಜಯಶಾಲಿಯಾಯಿತು. ಮರುವರ್ಷ ಅದೇ ಗ್ಯಾರೇಜಿನಿಂದ ಹೊರಟ ಎರಡು ಕಾರುಗಳು ಮೊದಲನೆಯ ಸ್ಥಾನವನ್ನೂ ಎರಡನೆಯ ಸ್ಥಾನವನ್ನೂ ತಮ್ಮವಾಗಿ ಮಾಡಿಕೊಂಡವು. ಎಕ್ಯೂರಿ ಎಕಾಸ್ ಎಂಬ ಫ್ರೆಂಚ್ ಹೆಸರನ್ನಿಟ್ಟುಕೊಂಡ ಈ ಸ್ಕಾಟ್ಲೆಂಡಿನ ತಂಡದ ಕಾರುಗಳು ಇಂದಿಗೂ ಆಗಾಗ ಒಂದೆಡೆ ಕೂಡುತ್ತವೆ. ಅಂಥ ಕೂಟವೊಂದರಲ್ಲಿ ಒಂದು ದಿನವನ್ನು ಕಳೆಯುವ ಭಾಗ್ಯ ನನ್ನದಾಗಿತ್ತು. ಅಲ್ಲಿ ಕಂಡುದನ್ನು ಹೇಳುವ ಮುನ್ನ ಈ ತಂಡ ಎಂಥದೆಂಬುದನ್ನು ಓದುಗರಿಗೆ ಪರಿಚಯಮಾಡಿಕೊಡುವುದು ಉಚಿತವೆಂದು ತೋರುತ್ತದೆ.

ತಂಡವನ್ನು ಕಟ್ಟಿದವರು ಡೇವಿಡ್ ಮರ್ರೆ. ವೃತ್ತಿಯಿಂದ ಲೆಕ್ಕಪರಿಶೋಧಕರಾಗಿ, ಮದ್ಯದ ವ್ಯಾಪಾರವನ್ನೂ ನಡೆಸುತ್ತಿದ್ದ ಅವರು ಸ್ವತಃ ಕಾರನ್ನೋಡಿಸಿ ಗ್ರ್ಯಾಂಡ್ ಪ್ರೀ ಓಟಗಳಲ್ಲಿ ಭಾಗವಹಿಸಿದ್ದವರು. 1951ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗಿನಲ್ಲಿ ಅಭ್ಯಾಸದ ಹೊತ್ತಿನಲ್ಲಿ ಅಪಘಾತಕ್ಕೊಳಗಾದ ಬಳಿಕ, ಚಾಲಕನ ಪೀಠದಿಂದ ಬಹುಮಟ್ಟಿಗೆ ದೂರ ಸರಿದು, ಅದೇ ವರ್ಷದ ಕೊನೆಯಲ್ಲಿ ಈ ತಂಡವನ್ನು ಸ್ಥಾಪಿಸಿದರು. ಮೊದಲಿಗೆ ಬಂಡವಾಳವೆಂಬುದು ಹೆಸರಿಗಷ್ಟೆ: ಮೂವರು ಸ್ಕಾಟಿಷ್ ತರುಣರು ತಮ್ಮ ಸ್ವಂತದ ಜಾಗ್ವಾರ್ ಎಕ್ಸ್‌ಕೆ 120 ಕಾರುಗಳನ್ನು ತಂದು ತಂಡಕ್ಕೊಪ್ಪಿಸಿದರು; ಕಾರುಗಳಿಗೆಲ್ಲ ಸ್ಕಾಟ್ಲೆಂಡಿನ ಬಾವುಟವನ್ನು ನೆನಪಿಸುವ ಹೊಳೆವ ನೀಲಿ ಬಣ್ಣವನ್ನು ಬಳಿಯಲಾಯಿತು; ಸಂತ ಆಂಡ್ರೂನ ಓರೆಶಿಲುಬೆಯುಳ್ಳ ಗುರಾಣಿಯ ಚಿಹ್ನೆ ಅವುಗಳ ಪಕ್ಕದಲ್ಲಿ ಮೂಡಿತು. ಮರ್ರೆಯವರಿಗೆ ಬಲಗೈಯಾಗಿ ನಿಂತವರು ವಿಲ್ಕೀ ವಿಲ್ಕಿನ್ಸನ್. ಯುದ್ಧಪೂರ್ವದಲ್ಲೇ ಓಟದ ಕಾರುಗಳ ಕೆಲಸದಲ್ಲಿ ಹೆಸರು ಗಳಿಸಿದ್ದ ಈ ಮೆಕ್ಯಾನಿಕ್ ಇಲ್ಲದಿದ್ದರೆ ಎಕ್ಯೂರಿ ಎಕಾಸ್ ಎಂಬುದು ಶ್ರೀಮಂತ ತರುಣರ ಒಂದೆರಡು ವರ್ಷಗಳ ವಿನೋದವಾಗಿ ಮುಗಿದುಹೋಗುತ್ತಿತ್ತೆಂದೇ ನನ್ನ ಎಣಿಕೆ. ಓಟದ ಇತಿಹಾಸಗಳು ಚಾಲಕರ ಹೆಸರಿನಿಂದ ತುಂಬಿರುವುದು ಸಹಜ; ಆದರೆ 24 ಗಂಟೆಗಳ ಓಟದಲ್ಲಿ ಗೆಲ್ಲುವುದೆಂದರೆ ಮೊದಲು ಕೆಡದೆ ಉಳಿಯುವುದು, ಕೆಡದೆ ಉಳಿಯುವುದೆಂದರೆ ವಾರಗಳ ಮೊದಲೇ ಯಾರೋ ಒಬ್ಬರು ಪ್ರತಿಯೊಂದು ಬೋಲ್ಟನ್ನೂ ಕೈಯಿಂದ ಮುಟ್ಟಿ ನೋಡಿರುವುದು.

ಕೊವೆಂಟ್ರಿಯ ಜಾಗ್ವಾರ್ ಕಂಪನಿಗೆ ಈ ತಂಡದ ಮೇಲೆ ಬಹು ಬೇಗನೆ ವಿಶ್ವಾಸ ಬೆಳೆಯಿತು. 1953ರ ಲ ಮಾನ್ ಓಟದಲ್ಲಿ ಡಿಸ್ಕ್ ಬ್ರೇಕುಗಳನ್ನು ಅಳವಡಿಸಿಕೊಂಡು ಗೆದ್ದ ಸಿ-ಟೈಪ್ ಕಾರು ತನ್ನ ಜೊತೆಯ ಕಾರುಗಳೊಡನೆ ಮರುವರ್ಷ ಮರ್ಚಿಸ್ಟನ್ ಮ್ಯೂಸಿಗೆ ಬಂದಿತು. ಇಂದು ನಮ್ಮ ಬೀದಿಗಳ ಸಾಮಾನ್ಯ ಕಾರಿನಲ್ಲೂ, ಮೋಟಾರುಬೈಕಿನಲ್ಲೂ ಇರುವ ಆ ಬ್ರೇಕು ಆಗ ಇನ್ನೂ ಹೊಸತು. ಲ ಮಾನ್‌ನಲ್ಲಿ ಅದನ್ನು ತೊಟ್ಟು ಗೆದ್ದ ಕಾರು ಅದೇ ಮೊದಲು. ಸಿ-ಟೈಪಿನ ಬಳಿಕ ಬಂದುದು ಡಿ-ಟೈಪ್. ವಿಮಾನನಿರ್ಮಾಣದಲ್ಲಿ ಪಳಗಿದ ಮಾಲ್ಕಂ ಸೇಯರ್ ಇದರ ಆಕೃತಿಯನ್ನು ಗಣಿತದಿಂದ ಸಾಧಿಸಿದವರು. ನಡುಭಾಗವೆಲ್ಲ ವಿಮಾನದ ಒಡಲಿನಂತೆ ಅಲ್ಯುಮಿನಿಯಮ್ ತಗಡುಗಳನ್ನು ರಿವೆಟ್ ಬಡಿದು ಕಟ್ಟಿದ ಗೂಡು. ಅದರ ಮುಂದೆ ಎಂಜಿನನ್ನು ಹೊರುವ ಚೌಕಟ್ಟು. ಲ ಮಾನ್‌ನ ಸುಮಾರು 6 ಕಿಲೋಮೀಟರುಗಳ ನೇರ ರಸ್ತೆಯಲ್ಲಿ ಗಂಟೆಗೆ 270 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಕಾರು ಅತ್ತಿತ್ತ ಹೊಯ್ದಾಡದಿರಲೆಂದು ಚಾಲಕನ ತಲೆಯ ಹಿಂದೆ ಎದ್ದ ನೀಳವಾದ ರೆಕ್ಕೆ. ಸುಂದರವಾಗಿಸಬೇಕೆಂಬ ಉದ್ದೇಶದಿಂದ ಅದರ ಒಂದು ರೇಖೆಯನ್ನೂ ಎಳೆದಂತೆ ತೋರದು. ಆದರೂ ಮನುಷ್ಯನು ತಗಡಿನಿಂದ ರೂಪಿಸಿದ ವಸ್ತುಗಳಲ್ಲಿ ಇದಕ್ಕಿಂತ ಸುಂದರವಾದವು ಬಹಳವಿಲ್ಲ.

1956ರ ಓಟದ ಹಿನ್ನೆಲೆಯನ್ನು ಮರೆಯಲಾಗದು. ಹಿಂದಿನ ವರ್ಷ ಅದೇ ಲ ಮಾನ್‌ನಲ್ಲಿ ಒಂದು ಕಾರು ಸಿಡಿದು ಜನರ ನಡುವೆ ಬಿದ್ದು 80ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಇಂಥ ಓಟಗಳು ಇರಬೇಕೆ ಎಂಬ ಪ್ರಶ್ನೆಯೇ ಯೂರೋಪಿನಲ್ಲೆಲ್ಲ ಎದ್ದಿತ್ತು. ಪಥವನ್ನು ತಿದ್ದಿ, ಇಂಧನಕ್ಕೆ ಮಿತಿಯಿಟ್ಟು, ಜೂನ್ ತಿಂಗಳ ಓಟವನ್ನು ಜುಲೈ ಕೊನೆಗೆ ಮುಂದೂಡಿದರು. ಎಕ್ಯೂರಿ ಎಕಾಸ್ ತಂದದ್ದು ಒಂದೇ ಒಂದು ಡಿ-ಟೈಪ್; ಅದೂ ಕಾರ್ಖಾನೆಯ ತಂಡದ ವಿಶೇಷ ಕಾರುಗಳ ಪೈಕಿ ಅಲ್ಲ, ಗಿರಾಕಿಗಳಿಗಾಗಿ ತಯಾರಾದ ಚಿಕ್ಕ ಮೂತಿಯ ಮಾದರಿ. ಆದರೆ ವಿಧಿಯ ನಡೆ ನೋಡಿ: ಎರಡನೆಯ ಸುತ್ತಿನಲ್ಲೇ ಜಾಗ್ವಾರ್ ಕಂಪನಿಯ ಎರಡು ಕಾರುಗಳು ಅಪಘಾತಕ್ಕೆ ಸಿಕ್ಕಿ ಹೊರಬಿದ್ದವು, ಮೂರನೆಯದು ಇಂಧನದ ಕೊಳವೆ ಸೀಳಿ ಬಹುಕಾಲ ನಿಂತು, ಕಡೆಗೆ ಆರನೆಯದಾಯಿತು. ಕಂಪನಿಯ ಮಾನವೆಲ್ಲ ಈ ನೀಲಿ ಕಾರಿನ ಮೇಲೆ ಬಂದು ಬಿತ್ತು. ಎಡಿನ್‌ಬರೋದವರೇ ಆದ ರಾನ್ ಫ್ಲಾಕ್‌ಹಾರ್ಟ್, ಗ್ಲಾಸ್ಗೋದ ಕಾರು ವ್ಯಾಪಾರಿ ನಿನಿಯನ್ ಸ್ಯಾಂಡರ್ಸನ್, ಇವರಿಬ್ಬರೂ ಸರದಿಯ ಮೇಲೆ ಓಡಿಸಿ, ಸ್ಟರ್ಲಿಂಗ್ ಮಾಸ್ ಮತ್ತು ಪೀಟರ್ ಕಾಲಿನ್ಸ್ ಅಂಥ ಘಟಾನುಘಟಿಗಳ ಆಸ್ಟನ್ ಮಾರ್ಟಿನ್ ಕಾರಿಗಿಂತ ಒಂದು ಸುತ್ತು ಮುಂದಾಗಿ, 300 ಸುತ್ತುಗಳನ್ನು, ಎಂದರೆ 4,034 ಕಿಲೋಮೀಟರುಗಳನ್ನು ಮುಗಿಸಿದರು. ಅವರ ಜಯದಲ್ಲಿ ಅದೃಷ್ಟದ ಪಾಲಿದೆ ಎನ್ನುವವರಿದ್ದಾರೆ. ಇರಬಹುದು, ಆದರೆ ಅದೃಷ್ಟ ಬಂದಾಗ ಕೆಡದ ಕಾರೊಂದು ಅದನ್ನು ಬರಮಾಡಿಕೊಳ್ಳಲು ಸಿದ್ಧವಾಗಿ ನಿಂತಿರಬೇಕಲ್ಲವೆ?

ಅದೃಷ್ಟವಲ್ಲವೆಂಬುದನ್ನು 1957ರ ಜೂನ್ ತೋರಿಸಿತು. ಜಾಗ್ವಾರ್ ಕಂಪನಿ ಆ ಹೊತ್ತಿಗೆ ಓಟದಿಂದಲೇ ಹಿಂಜರಿದು ತನ್ನ ನೀಳಮೂತಿಯ ಡಿ-ಟೈಪುಗಳನ್ನು ಮರ್ರೆಯವರ ವಶಕ್ಕೆ ಬಿಟ್ಟಿತ್ತು. ಫ್ಲಾಕ್‌ಹಾರ್ಟ್ ಮತ್ತು ಐವರ್ ಬೂಬ್ 327 ಸುತ್ತುಗಳನ್ನು ಮುಗಿಸಿ ಮೊದಲಿಗರಾದರು, ಸ್ಯಾಂಡರ್ಸನ್ ಮತ್ತು ಜಾನ್ ಲಾರೆನ್ಸ್ ಎರಡನೆಯವರಾದರು. ಆ ಗೆಲುವಿನ ದಣಿವಾರುವ ಮೊದಲೇ, ಒಂದೇ ವಾರದೊಳಗೆ, ಮೂರು ನೀಲಿ ಕಾರುಗಳು ಇಟಲಿಯ ಮೊಂಜಾದಲ್ಲಿ ನಿಂತಿದ್ದವು. ಅಮೆರಿಕದ ಇಂಡಿಯನಾಪೊಲಿಸಿನ ಕಾರುಗಳು ಯೂರೋಪಿನವರೊಡನೆ ಸೆಣಸಲು ಅಲ್ಲಿಗೆ ಬಂದಿದ್ದವು. ವಾಲಿದ ಆ ಪಥ ಅಪಾಯದ್ದೆಂದು ಯೂರೋಪಿನ ಪ್ರಮುಖ ಚಾಲಕರು ಬಹಿಷ್ಕಾರ ಹೂಡಿದಾಗ, ಕೊಟ್ಟ ಮಾತಿಗಾಗಿ ಹೋದವರು ಈ ಸ್ಕಾಟರು. ಕೇವಲ ವೇಗಕ್ಕೆಂದೇ ಹುಟ್ಟಿದ ಯಂತ್ರಗಳ ನಡುವೆ ತಮ್ಮ ಕ್ರೀಡಾ ಕಾರುಗಳನ್ನೋಡಿಸಿ ನಾಲ್ಕು, ಐದು, ಆರನೆಯ ಸ್ಥಾನಗಳಲ್ಲಿ ಮುಗಿಸಿದರು. ಗೆಲುವಿನ ಪಟ್ಟಿಯಲ್ಲಿ ಇದು ಬರುವುದಿಲ್ಲ. ನನಗೆ ಮಾತ್ರ ಲ ಮಾನ್‌ನ ಎರಡು ಜಯಗಳಷ್ಟೇ ಇದೂ ದೊಡ್ಡದೆನಿಸುತ್ತದೆ.

ಮುಂದಿನ ವರ್ಷಗಳು ಇಳಿಹೊತ್ತಿನವು. 1958ರಲ್ಲಿ ಎಂಜಿನುಗಳಿಗೆ 3 ಲೀಟರಿನ ಮಿತಿ ಬಂದು ಜಾಗ್ವಾರಿನ ಬಲ ಕುಗ್ಗಿತು; ಟೊಜೀರೋ, ಕೂಪರ್ ಮುಂತಾದ ಕಾರುಗಳಿಂದ ತಂಡ ಬಾಳನ್ನು ಮುಂದುವರಿಸಿತು. ಆದರೆ ಆ ಇಳಿಹೊತ್ತಿನಲ್ಲೂ ಅದರ ನೆರಳಿನಲ್ಲಿ ಬೆಳೆದವರನ್ನು ನೋಡಬೇಕು. 1959ರಲ್ಲಿ ಗುಡ್‌ವುಡ್‌ನ ಓಟದಲ್ಲಿ ತಂಡದ ಟೊಜೀರೋವನ್ನು ಹಂಚಿಕೊಂಡು ಓಡಿಸಿದ ಇಬ್ಬರಲ್ಲಿ ಒಬ್ಬರು, ಕಾರು ದಿಬ್ಬಕ್ಕೆ ಅಪ್ಪಳಿಸುವ ಮುನ್ನ ಪೀಠದಿಂದೆದ್ದು ಹೊರಕ್ಕೆ ಜಿಗಿದು ಪ್ರಾಣ ಉಳಿಸಿಕೊಂಡ ಕನ್ನಡಕಧಾರಿ ಅಮೆರಿಕನ್ ಮಾಸ್ಟನ್ ಗ್ರೆಗರಿ. ಇನ್ನೊಬ್ಬರು, ಆಗ ಇನ್ನೂ ಹೆಚ್ಚಾಗಿ ಹೆಸರಾಗದಿದ್ದ, ಮುಂದೆ ಎರಡು ಬಾರಿ ವಿಶ್ವವಿಜೇತರಾದ ಜಿಮ್ ಕ್ಲಾರ್ಕ್. ಮೂರು ಸಲ ವಿಶ್ವವಿಜೇತರಾದ ಜಾಕಿ ಸ್ಟೂವರ್ಟರೂ ತಮ್ಮ ಮೊದಲ ವರ್ಷಗಳಲ್ಲಿ ಈ ನೀಲಿ ಕಾರುಗಳನ್ನೋಡಿಸಿದವರೇ; ಅವರ ಅಣ್ಣ ಜಿಮ್ಮಿ ಅವರಿಗಿಂತ ಹತ್ತು ವರ್ಷ ಮೊದಲೇ ತಂಡದಲ್ಲಿದ್ದರು. 1970ರ ದಶಕದ ಆದಿಯಲ್ಲಿ ಹಳೆಯ ತಂಡ ಮುಚ್ಚಿತು. 1980ರ ದಶಕದಲ್ಲಿ ಅದೇ ಹೆಸರು ಮತ್ತೆ ತಲೆಯೆತ್ತಿ, 1986ರಲ್ಲಿ ತನ್ನ ವರ್ಗದ ವಿಶ್ವಪ್ರಶಸ್ತಿಯನ್ನು ಗಳಿಸಿತು. ಅದು ಬೇರೆಯದೇ ಒಂದು ಕಥೆ.

ಈಗ ಕೂಟದ ಮಾತು. ದೂರದಿಂದ ಮೊದಲು ಕಣ್ಣಿಗೆ ಬೀಳುವುದು ಕಾರಲ್ಲ, ಲಾರಿ. ಫಾಲ್‌ಕರ್ಕ್ ಊರಿನ ಬಸ್ಸು ಕಟ್ಟುವ ಅಲೆಗ್ಸಾಂಡರ್ ಸಂಸ್ಥೆ ಕಾಮರ್ ಚಾಸಿಯ ಮೇಲೆ ನಿರ್ಮಿಸಿಕೊಟ್ಟ ಈ ವಾಹನದಲ್ಲಿ ಮೇಲಂತಸ್ತಿನಲ್ಲಿ ಎರಡು, ಕೆಳಗೆ ಒಂದು, ಹೀಗೆ ಮೂರು ಕಾರುಗಳು ಹಿಡಿಯುತ್ತಿದ್ದವು. ಉಳಿದ ಜಾಗದಲ್ಲಿ ಒಂದು ಪುಟ್ಟ ಕಮ್ಮಟ. ಮೂರೇ ಸಿಲಿಂಡರುಗಳಲ್ಲಿ ಆರು ಪಿಸ್ಟನ್ನುಗಳು ಎದುರುಬದುರಾಗಿ ಚಲಿಸುವ ಅದರ ಡೀಸೆಲ್ ಎಂಜಿನಿನ ಕರ್ಕಶವಾದ ಮೊರೆತವನ್ನು ಒಮ್ಮೆ ಕೇಳಿದವರು ಮರೆಯರು. ಬ್ರಿಟನ್ನಿನಲ್ಲಿ ಒಂದು ತಲೆಮಾರಿನ ಮಕ್ಕಳು ಇದರ ಆಟಿಕೆಯನ್ನು ಹಿಡಿದು ಬೆಳೆದರು. ಕೂಟದಲ್ಲಿ ಅದರ ಸುತ್ತ ನೆರೆದಿದ್ದ ನರೆಗೂದಲಿನ ಹಿರಿಯರ ಮುಖಗಳಲ್ಲಿ ಆ ಮಕ್ಕಳ ಗುರುತು ಹತ್ತುವಂತಿತ್ತು. ತಂಡವನ್ನು ಸಾಕಿದ್ದು ಒಬ್ಬ ಧನಿಕನ ತಿಜೋರಿಯಲ್ಲ. ಅದರ ಅಭಿಮಾನಿಗಳ ಸಂಘವೊಂದಿತ್ತು. ಸಾಮಾನ್ಯ ಸ್ಕಾಟರು ಚಂದಾ ಕೊಟ್ಟು ಖರ್ಚಿಗೆ ನೆರವಾಗುತ್ತಿದ್ದರು. ಆದುದರಿಂದ ಅಲ್ಲಿಗೆ ಬಂದವರು ಪ್ರೇಕ್ಷಕರಂತೆ ನಡೆದುಕೊಳ್ಳಲಿಲ್ಲ. ತಮ್ಮ ಮನೆಯ ಸೊತ್ತನ್ನು ನೋಡಲು ಬಂದ ದಾಯಾದಿಗಳಂತೆ ಮಾತಾಡುತ್ತಿದ್ದರು.

ಬೆಳಗಿನ ಹೊತ್ತು ಕಾರುಗಳನ್ನು ಎಬ್ಬಿಸುವ ಕ್ರಮವೇ ಒಂದು ಶಾಸ್ತ್ರ. ಹಳೆಯ ಓಟದ ಎಂಜಿನನ್ನು ನಮ್ಮ ಕಾರಿನಂತೆ ಕೀಲಿ ತಿರುಗಿಸಿ ಹೊರಡಿಸಲಾಗದು. ಎಂಜಿನು ಕಾಯುವತನಕ ಒಂದು ಬಗೆಯ ಸ್ಪಾರ್ಕ್ ಪ್ಲಗ್ಗುಗಳು. ಎಣ್ಣೆ ತಕ್ಕಷ್ಟು ಬಿಸಿಯಾದ ಮೇಲೆ ಎಂಜಿನನ್ನು ನಿಲ್ಲಿಸಿ, ಅವನ್ನು ಒಂದೊಂದಾಗಿ ಕಳಚಿ, ಓಟಕ್ಕೊಪ್ಪುವ ಇನ್ನೊಂದು ಬಗೆಯವನ್ನು ಹಾಕಬೇಕು. ಆ ನಡುವೆ ಅವಸರವೆಂಬುದಿಲ್ಲ. ಡಿ-ಟೈಪಿನ ಆರು ಸಿಲಿಂಡರುಗಳು ಮೊದಲು ಕೆಮ್ಮಿ, ಒಂದೊಂದಾಗಿ ದನಿಗೂಡಿಸಿ, ಕಡೆಗೆ ಒಂದೇ ಸ್ವರವಾಗಿ ನಿಂತಾಗ, ಮಾತಾಡುತ್ತಿದ್ದವರೆಲ್ಲ ಮಾತು ನಿಲ್ಲಿಸಿ ಅತ್ತ ತಿರುಗಿದರು. ಪಕ್ಕದಲ್ಲಿ ಯಾವುದೋ ಹಳೆಯ ಎಂಜಿನಿನಿಂದ ಸುಟ್ಟ ಹರಳೆಣ್ಣೆಯ ವಾಸನೆ ಬರುತ್ತಿತ್ತು. ಆ ಕಾಲದ ಓಟದ ಹಲವು ಎಂಜಿನುಗಳಿಗೆ ಹರಳೆಣ್ಣೆಯೇ ಜೀವಾಳ, ಇಂದಿಗೂ ಕೆಲವರು ಅದನ್ನು ಬಿಟ್ಟಿಲ್ಲ.

ಇಷ್ಟು ಬೆಲೆಬಾಳುವ ವಸ್ತುಗಳನ್ನು ಓಡಿಸುವುದು ಸರಿಯೆ ಎಂದು ಕೇಳುವವರುಂಟು. 1956ರಲ್ಲಿ ಗೆದ್ದ ಆ ಕಾರೇ 2016ರಲ್ಲಿ ಅಮೆರಿಕದ ಹರಾಜಿನಲ್ಲಿ 2 ಕೋಟಿ 17 ಲಕ್ಷ ಡಾಲರಿಗೂ ಮಿಕ್ಕ ಬೆಲೆಗೆ ಮಾರಾಟವಾಯಿತು. ಡಿ-ಟೈಪುಗಳಲ್ಲಿ ಮುಂದಣ ಚೌಕಟ್ಟು ಒಬ್ಬರಲ್ಲಿ, ನಡುವಿನ ಗೂಡು ಇನ್ನೊಬ್ಬರಲ್ಲಿ ಸೇರಿ, ಒಂದೇ ಚಾಸಿ ಸಂಖ್ಯೆಗೆ ಎರಡು ಕಾರುಗಳು ಹಕ್ಕು ಹೂಡಿದ ನಿದರ್ಶನಗಳಿರುವಾಗ, ಅಖಂಡವಾಗಿ ಉಳಿದ ಒಂದಕ್ಕೆ ಅಷ್ಟು ಬೆಲೆ ಬಂದದ್ದು ಸೋಜಿಗವಲ್ಲ. ಗಾಜಿನ ಮನೆಯಲ್ಲಿಟ್ಟು ಕಾಪಾಡಬಾರದೆ ಎಂಬ ಪ್ರಶ್ನೆಯಲ್ಲಿ ಕಾಳಜಿಯಿದೆ. ಆದರೆ ನಮ್ಮ ಊರುಗಳಲ್ಲಿ ತೇರನ್ನು ವರ್ಷಕ್ಕೊಮ್ಮೆಯಾದರೂ ಎಳೆಯಲೇಬೇಕೆನ್ನುವರಷ್ಟೆ. ಎಳೆಯುವುದು ನಿಂತರೆ ಮರ ಹುಳು ಹಿಡಿಯುವುದಕ್ಕೂ ಮೊದಲು ಎಳೆಯುವ ವಿದ್ಯೆಯೇ ಊರಿನಿಂದ ಹೋಗಿಬಿಡುತ್ತದೆ. ಈ ಕಾರುಗಳ ವಿಷಯವೂ ಹಾಗೆಯೆ. ಓಡದ ಕಾರಿಗೆ ಕಾರ್ಬ್ಯುರೇಟರು ಹದಮಾಡಬಲ್ಲ ಕೈ ಬೇಕಾಗುವುದಿಲ್ಲ. ಆ ಕೈ ಒಮ್ಮೆ ತಪ್ಪಿದರೆ ಉಳಿಯುವುದು ತಗಡು ಮಾತ್ರ.

ಕೂಡುವುದರ ಮಹತ್ವವೂ ಇಲ್ಲಿಯೇ ಇದೆ. ಹಿಂದೊಮ್ಮೆ ಒಬ್ಬ ಸಂಗ್ರಾಹಕರು ಬಹುವರ್ಷಗಳ ಶ್ರಮದಿಂದ ತಂಡದ ಏಳು ಕಾರುಗಳನ್ನೂ ಲಾರಿಯನ್ನೂ ಒಂದೆಡೆ ಸೇರಿಸಿದ್ದರು. 2013ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಅವೆಲ್ಲ ಬೇರೆಬೇರೆಯಾಗಿ ಹರಾಜಾದವು. ಲಾರಿಯೊಂದಕ್ಕೇ ಸುಮಾರು 18 ಲಕ್ಷ ಪೌಂಡು ಬಂದಿತು. ಬೇರೆಬೇರೆ ಒಡೆಯರ ಮನೆಗಳಲ್ಲಿ ಒಂಟಿಯಾಗಿ ನಿಂತಾಗ ಈ ಕಾರುಗಳಿಗೆ ಇರುವುದು ಬೆಲೆ. ಒಂದು ಸಾಲಿನಲ್ಲಿ ಲಾರಿಯ ಮಗ್ಗುಲಿಗೆ ನಿಂತಾಗ ಮಾತ್ರ ಅವು ತಂಡವಾಗುತ್ತವೆ. ಮೂತಿಯ ಮೇಲಣ ಬಿಳಿಯ ಪಟ್ಟೆ ದೂರದಿಂದ ಬರುತ್ತಿರುವ ತಮ್ಮ ಕಾರು ಯಾವುದೆಂದು ಪಥದ ಬದಿಯಲ್ಲಿ ಕಾಯುವ ಮೆಕ್ಯಾನಿಕರು ಗುರುತಿಸಲೆಂದು ಬಳಿದದ್ದೆಂಬುದು, ಪಟ್ಟೆಯಿರುವ ಇನ್ನೊಂದು ಕಾರು ಪಕ್ಕದಲ್ಲಿದ್ದಾಗಲೇ ಅರ್ಥವಾಗುವುದು. ಮರ್ರೆಯವರಾಗಲಿ, ವಿಲ್ಕಿನ್ಸನ್ನರಾಗಲಿ, ಅವರ ಬಳಿಕ ಗ್ಯಾರೇಜಿನ ಹೊಣೆ ಹೊತ್ತ ಸ್ಟಾನ್ ಸ್ಪ್ರೋಟ್ ಅವರಾಗಲಿ ಈಗಿಲ್ಲ. ಬೂಬ್ 1959ರಲ್ಲಿ ಓಟದಲ್ಲೇ ಗಾಯಗೊಂಡು ತೀರಿಕೊಂಡರು. ಫ್ಲಾಕ್‌ಹಾರ್ಟ್ 1962ರಲ್ಲಿ ಆಸ್ಟ್ರೇಲಿಯದಲ್ಲಿ ವಿಮಾನ ಬಿದ್ದು ಮಡಿದರು. ಅವರನ್ನು ಕಂಡಿದ್ದವರೂ ಕಡಿಮೆಯಾಗುತ್ತಿದ್ದಾರೆ. ಕೂಟದಲ್ಲಿ ವೃದ್ಧರೊಬ್ಬರು ಮೊಮ್ಮಗನಿಗೆ ಡಿ-ಟೈಪಿನ ಇಂಧನದ ಮುಚ್ಚಳವನ್ನು ತೆರೆಯುವ ಬಗೆಯನ್ನು ತೋರಿಸಿಕೊಡುತ್ತಿದ್ದರು. ಹುಡುಗನು ಅದನ್ನು ತಾನೇ ತೆರೆದು ಮುಚ್ಚುವತನಕ ಅವರು ಅಲ್ಲಿಂದ ಕದಲಲಿಲ್ಲ.

ಜಾಗ್ವಾರ್ ಕಂಪನಿ 2008ರಿಂದ ನಮ್ಮ ದೇಶದ ಟಾಟಾ ಸಂಸ್ಥೆಯ ಒಡೆತನದಲ್ಲಿದೆ. ಈ ಕಾರುಗಳ ಚರಿತ್ರೆಯಲ್ಲಿ ನಮಗೂ ಈಗ ಸಣ್ಣದೊಂದು ಬಾಧ್ಯತೆಯುಂಟೆಂದು ನಾನು ತಿಳಿದಿದ್ದೇನೆ. ಇಂಗ್ಲೆಂಡಿನಲ್ಲಿ ನೆಲಸಿರುವ ಅಥವಾ ಅತ್ತ ಪ್ರಯಾಣಮಾಡುವ ಕನ್ನಡಿಗರು ಸೆಪ್ಟೆಂಬರ್ ತಿಂಗಳಿನಲ್ಲಿ ಗುಡ್‌ವುಡ್‌ಗೆ ಹೋಗಬಹುದು. 1948ರಿಂದ 1966ರವರೆಗೆ ಓಟಗಳು ನಡೆದಿದ್ದ ಆ ಪಥದಲ್ಲಿ 1998ರಿಂದ ಈಚೆಗೆ ಪ್ರತಿವರ್ಷವೆಂಬಂತೆ ಆ ಕಾಲದ ಕಾರುಗಳು, ಆ ಕಾಲದ ಉಡುಪು ತೊಟ್ಟ ಜನರ ನಡುವೆ, ನಿಜವಾಗಿಯೇ ಸ್ಪರ್ಧಿಸುತ್ತವೆ. ಯಾವ ವರ್ಷ ಯಾವ ಕಾರು ಬರುವುದೆಂಬುದು ಒಡೆಯರ ಇಚ್ಛೆಗೆ ಸೇರಿದ್ದು. ಹೋಗುವವರು ಓಟ ಆರಂಭವಾಗುವ ಹೊತ್ತಿಗಲ್ಲ, ಬೆಳಗ್ಗೆ ಬೇಗನೆ, ಮೆಕ್ಯಾನಿಕರು ಪ್ಲಗ್ಗುಗಳನ್ನು ಬದಲಿಸುವ ವೇಳೆಗೇ ಹೋಗಬೇಕು. ಹತ್ತಿರ ನಿಂತು ಕೇಳಿದವರಿಗೆ ಅವರು ಎಲ್ಲವನ್ನೂ ವಿವರಿಸಿ ಹೇಳುತ್ತಾರೆ.