ಕರದಂಟಿನ ಇತಿಹಾಸ ಬರೆಯುವವರು ಯಾರು?

ಕೆ.ಟಿ. ಅಚ್ಚಯ್ಯ ಇತಿಹಾಸದ ಮೇಷ್ಟ್ರಾಗಿರಲಿಲ್ಲ. 1923ರಲ್ಲಿ ಕೊಳ್ಳೇಗಾಲದಲ್ಲಿ ಹುಟ್ಟಿದ ಅವರು ಎಣ್ಣೆ, ಕೊಬ್ಬುಗಳ ರಸಾಯನಶಾಸ್ತ್ರಜ್ಞ. ಭಾರತದ ಆಹಾರ ಚರಿತ್ರೆ ಕುರಿತ ಅವರ ಮುಖ್ಯ ಗ್ರಂಥ ಬಂದದ್ದು 1994ರಲ್ಲಿ, ಅವರ ವಯಸ್ಸು ಎಪ್ಪತ್ತರ ಆಸುಪಾಸಿನಲ್ಲಿದ್ದಾಗ. ಇತಿಹಾಸಕಾರರು ಇದಕ್ಕೆ ಮೊದಲೇ ಕೈಹಾಕಬಹುದಿತ್ತು, ಆಧಾರಗಳೇನೂ ಇಲ್ಲದಿರಲಿಲ್ಲ. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವಿತ್ತು, ಮಂಗರಸನ ‘ಸೂಪಶಾಸ್ತ್ರ’ವಿತ್ತು. ಆದರೆ ಇಂಥ ಗ್ರಂಥಗಳು ಏನನ್ನು ಹೇಗೆ ಅಡಬೇಕೆಂದು ಹೇಳುತ್ತವೆಯೇ ಹೊರತು, ಆ ಸಾಮಾನು ಯಾರ ಹೊಲದಿಂದ, ಯಾವ ನೀರಿನಿಂದ ಬಂತೆಂದು ಹೇಳುವುದು ಕಡಿಮೆ. ಅದಕ್ಕೆ ಊರನ್ನೇ ಓದಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆ ಅದಕ್ಕೆ ಹೇಳಿ ಮಾಡಿಸಿದ್ದು.

ಗೋಕಾಕದ ಸಿಹಿ ತಿನಿಸು ಕರದಂಟನ್ನೇ ತೆಗೆದುಕೊಳ್ಳಿ. ತುಪ್ಪದಲ್ಲಿ ಕರಿದ ಅಂಟು ಮರದ ತೊಗಟೆಯಿಂದ ಒಸರಿದ್ದು. ಒಣಕೊಬ್ಬರಿ ತೆಂಗಿನ ಸೀಮೆಯದು. ಉತ್ತತ್ತಿ, ಬದಾಮಿ ಇಲ್ಲಿನ ಬೆಳೆಯೇ ಅಲ್ಲ. ಗೋಡಂಬಿಯ ಮರವಂತೂ ಪೋರ್ಚುಗೀಸರ ಜತೆ ದಕ್ಷಿಣ ಅಮೆರಿಕದಿಂದ ಬಂದದ್ದು. ಈ ನೆಲದ್ದೆಂದು ಧೈರ್ಯವಾಗಿ ಹೇಳಬಹುದಾದದ್ದು ಬೆಲ್ಲ. ಆ ಬೆಲ್ಲದ ಹಿಂದೆ ಘಟಪ್ರಭೆ ಇದೆ. ಗೋಕಾಕ ಫಾಲ್ಸ್‌ನಲ್ಲಿ 52 ಮೀಟರ್ ಧುಮುಕುವ ಈ ಹೊಳೆಯ ಬಲದಿಂದಲೇ 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ನೂಲಿನ ಗಿರಣಿ ನಡೆಯತೊಡಗಿತು. ಸ್ವಲ್ಪ ಮೇಲೆ ಧೂಪದಾಳದಲ್ಲಿ ಒಡ್ಡು ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದರು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಜಲಾಶಯವೇ ಎದ್ದಿತು. ಕಾಲುವೆ ಹೋದಲ್ಲೆಲ್ಲ ಕಬ್ಬು ಹೋಯಿತು, ಬೆಲ್ಲದ ಗಾಣಗಳು ಹೆಚ್ಚಿದವು, ಜೋಳ ಹಿಂದೆ ಸರಿಯಿತು. ಸಿಹಿ ಅಗ್ಗವಾದದ್ದೂ ರೊಟ್ಟಿಯ ಜೋಳ ಹೊಲ ಕಳೆದುಕೊಂಡದ್ದೂ ಒಂದೇ ಲೆಕ್ಕದ ಜಮಾ–ಖರ್ಚು.

ಇದು ಇತಿಹಾಸವಲ್ಲ, ಅಂಗಡಿಯವರ ಜಾಹೀರಾತಿಗೆ ಪಂಡಿತರು ಕೊಡುವ ಬೆಂಬಲ ಎಂದು ಯಾರಾದರೂ ಅನ್ನಬಹುದು. ತಿನಿಸಿನ ವಯಸ್ಸಿನ ಬಗ್ಗೆ ಅಂಗಡಿ ಬೋರ್ಡು ಹೇಳುವುದನ್ನು ನಂಬಬೇಕಿಲ್ಲ, ನಿಜ. ಆದರೆ ನೀರಿನ ಕರದ ದಫ್ತರ, ಬೆಲ್ಲದ ಪೇಟೆಯ ದರ, ಪಹಣಿಯ ಬೆಳೆ ಕಾಲಂ ಮಾತ್ರ ಯಾರ ಹೆಮ್ಮೆಗೂ ಬರೆದದ್ದಲ್ಲ. ಗಟ್ಟಿ ಆಕ್ಷೇಪ ಬೇರೆ ಇದೆ: ವಸ್ತುಗಳೂ ಸುಳ್ಳು ಹೇಳುತ್ತವೆ. ಗೋಕಾಕದ ಬಣ್ಣದ ಕಟ್ಟಿಗೆ ಹಣ್ಣು, ತರಕಾರಿಗಳನ್ನು ನೋಡಿ ಇಲ್ಲಿನವರು ಅವನ್ನೆಲ್ಲ ತಿನ್ನುತ್ತಿದ್ದರೆಂದು ತೀರ್ಮಾನಿಸಿದರೆ ಎಡವಿದಂತೆ. ಗೊಂಬೆ ಮಾಡುವವರು ಕೊಳ್ಳುವವರ ಕಣ್ಣಿಗಾಗಿ ಕೆತ್ತಿದರು. ಊಟದ ಸಾಕ್ಷಿ ಬೇಕೆಂದರೆ ಸವೆದ ಬೀಸುವ ಕಲ್ಲನ್ನು ಹುಡುಕಬೇಕು. ಹಿಟ್ಟಿನ ಗಿರಣಿ ಬಂದ ಮೇಲೆ ಅದನ್ನು ಹೆಂಗಸರು ಹಿತ್ತಲಿಗೆ ಹಾಕಿದ್ದು ಸಹಜ. ಅದನ್ನು ಎತ್ತಿಡುವ ವಸ್ತುಸಂಗ್ರಹಾಲಯ ಮಾತ್ರ ಅಪರೂಪ. ಗೊಂಬೆಗಾದರೆ ಗಾಜಿನ ಕಪಾಟು ಸುಲಭವಾಗಿ ಸಿಗುತ್ತದೆ.