ಚಲನಚಿತ್ರಗಳಲ್ಲಿ ಐರಿಶ್ ಉಚ್ಚಾರಣೆ

ಐರ್ಲೆಂಡ್ ದ್ವೀಪದಲ್ಲಿ ಬಳಕೆಯಲ್ಲಿರುವ ಇಂಗ್ಲಿಷಿನ ಪ್ರಾದೇಶಿಕ ಉಚ್ಚಾರಣಾ ಶೈಲಿಗಳನ್ನು ಒಟ್ಟಾಗಿ ಐರಿಶ್ ಉಚ್ಚಾರಣೆ ಎಂದು ಕರೆಯಲಾಗುತ್ತದೆ. ಡಬ್ಲಿನ್, ಕಾರ್ಕ್, ಬೆಲ್‌ಫಾಸ್ಟ್ ಹಾಗೂ ಪಶ್ಚಿಮದ ಕೌಂಟಿಗಳ ಮಾತಿನ ಧಾಟಿಗಳು ಪರಸ್ಪರ ಭಿನ್ನವಾಗಿವೆ. ಚಲನಚಿತ್ರಗಳು, ವಿಶೇಷವಾಗಿ ಹಾಲಿವುಡ್ ಚಿತ್ರಗಳು, ಈ ಭೇದಗಳನ್ನು ಅಳಿಸಿ ಒಂದೇ ಕೃತಕ ಧಾಟಿಯನ್ನು ಬಳಸುತ್ತವೆ ಎಂಬ ಟೀಕೆ ಬಹುಕಾಲದಿಂದ ಇದೆ.

ಪ್ರಮುಖ ಲಕ್ಷಣಗಳು

ಬಹುತೇಕ ಐರಿಶ್ ಶೈಲಿಗಳಲ್ಲಿ ಸ್ವರದ ನಂತರದ ರಕಾರವನ್ನು ಬಿಡದೆ ಉಚ್ಚರಿಸುತ್ತಾರೆ. 'ಥಿಂಕ್' ಪದದ ಮೊದಲ ಧ್ವನಿ ಹಲವರ ಬಾಯಲ್ಲಿ ಕನ್ನಡದ ದಂತ್ಯ ತಕಾರವನ್ನು ಹೋಲುತ್ತದೆ. 'ಫಿಲ್ಮ್' ಎಂಬುದು 'ಫಿಲಮ್' ಎಂದು ಎರಡು ಅಕ್ಷರಗಳಾಗುವುದುಂಟು. ಕಾರ್ಕ್‌ನ ಮಾತು ರಾಗದಂತೆ ಏರಿಳಿಯುತ್ತದೆ. ಬೆಲ್‌ಫಾಸ್ಟ್‌ನಲ್ಲಿ ಸಾಮಾನ್ಯ ಹೇಳಿಕೆಯ ಕೊನೆಯಲ್ಲಿಯೂ ಧ್ವನಿ ಮೇಲೇರುವುದರಿಂದ, ಹೊಸಬರಿಗೆ ಅದು ಪ್ರಶ್ನೆಯಂತೆ ಕೇಳಿಸಬಹುದು. ಅಲ್ಸ್ಟರ್ ಪ್ರದೇಶದ ಮಾತಿನಲ್ಲಿ ಸ್ಕಾಟ್ಸ್ ಭಾಷೆಯ ಪ್ರಭಾವವಿದೆ.

ಕೃತಕ ಧಾಟಿಯ ಮೂಲ

ಇಂಗ್ಲಿಷ್ ರಂಗಭೂಮಿಯಲ್ಲಿ ಐರಿಶ್ ವ್ಯಕ್ತಿಯನ್ನು ವಾಚಾಳಿ, ಕುಡುಕ ಅಥವಾ ಜಗಳಗಂಟನಾಗಿ ಚಿತ್ರಿಸುವ ಸಿದ್ಧಮಾದರಿಯೊಂದು ಬೆಳೆದಿತ್ತು. ಅದರ ಉತ್ಪ್ರೇಕ್ಷಿತ ಮಾತಿನ ಧಾಟಿ ಮುಂದೆ ಸಿನಿಮಾಕ್ಕೂ ಬಂದಿತು. ಆದ್ದರಿಂದ ತಪ್ಪು ಉಚ್ಚಾರಣೆಯನ್ನು ಅನೇಕ ಐರಿಶ್ ಪ್ರೇಕ್ಷಕರು ಕೇವಲ ತಾಂತ್ರಿಕ ದೋಷವೆಂದು ಪರಿಗಣಿಸದೆ, ಹಳೆಯ ಅಪಹಾಸ್ಯದ ಮುಂದುವರಿಕೆಯೆಂದು ಭಾವಿಸುತ್ತಾರೆ.

ಉದಾಹರಣೆಗಳು

'ಫಾರ್ ಅಂಡ್ ಅವೇ' (1992) ಚಿತ್ರದಲ್ಲಿ ಟಾಮ್ ಕ್ರೂಸ್ ಅವರ ಉಚ್ಚಾರಣೆ ಟೀಕೆಗೆ ಗುರಿಯಾಯಿತು. 'ವೈಲ್ಡ್ ಮೌಂಟನ್ ಥೈಮ್' (2020) ಚಿತ್ರದ ಟ್ರೇಲರ್ ಬಿಡುಗಡೆಯಾದಾಗ ಅದರಲ್ಲಿನ ಮಾತಿನ ಧಾಟಿಯನ್ನು ಐರ್ಲೆಂಡಿನಲ್ಲಿ ವ್ಯಾಪಕವಾಗಿ ಗೇಲಿ ಮಾಡಲಾಯಿತು. ಅದರ ನಾಯಕ ಜೇಮೀ ಡೋರ್ನನ್ ಉತ್ತರ ಐರ್ಲೆಂಡಿನವರೇ. ಆದರೆ ಕಥೆ ನಡೆಯುವುದು ದ್ವೀಪದ ಮಧ್ಯಭಾಗದಲ್ಲಿ. ಒಂದು ಪ್ರದೇಶದ ನಟನಿಗೆ ಮತ್ತೊಂದು ಪ್ರದೇಶದ ಮಾತು ಸಹಜವಾಗಿ ಒಲಿಯುವುದಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಅಲನ್ ಪಾರ್ಕರ್ ನಿರ್ದೇಶನದ 'ದಿ ಕಮಿಟ್‌ಮೆಂಟ್ಸ್' (1991) ಚಿತ್ರದಲ್ಲಿ ಡಬ್ಲಿನ್‌ನ ಶ್ರಮಿಕ ವರ್ಗದ ಮಾತು ಕೇಳಿಬರುತ್ತದೆ. ಇದರ ಬಹುತೇಕ ನಟರು ಅದುವರೆಗೆ ಅಪರಿಚಿತರಾಗಿದ್ದರು. ಕಾರ್ಕ್ ಕೌಂಟಿಯಲ್ಲಿ ನಡೆಯುವ ಕೆನ್ ಲೋಚ್ ಅವರ 'ದಿ ವಿಂಡ್ ದಟ್ ಶೇಕ್ಸ್ ದಿ ಬಾರ್ಲಿ' (2006) ಚಿತ್ರದ ನಾಯಕ ಕಿಲಿಯನ್ ಮರ್ಫಿ ಅದೇ ಕೌಂಟಿಯವರು. ಈ ಚಿತ್ರವು ಕಾನ್ ಚಿತ್ರೋತ್ಸವದಲ್ಲಿ ಪಾಮ್ ದೋರ್ ಪ್ರಶಸ್ತಿ ಪಡೆಯಿತು. ಹೊರಗಿನವರು ಪರಿಶ್ರಮದಿಂದ ಯಶಸ್ವಿಯಾದ ನಿದರ್ಶನವೂ ಇದೆ: ಲಂಡನ್‌ನಲ್ಲಿ ಜನಿಸಿದ ಡೇನಿಯಲ್ ಡೇ-ಲೂಯಿಸ್ 'ಇನ್ ದಿ ನೇಮ್ ಆಫ್ ದಿ ಫಾದರ್' (1993) ಚಿತ್ರದಲ್ಲಿ ಬೆಲ್‌ಫಾಸ್ಟ್ ಯುವಕನ ಪಾತ್ರ ನಿರ್ವಹಿಸಿ ಆಸ್ಕರ್‌ಗೆ ನಾಮನಿರ್ದೇಶನಗೊಂಡರು.

ಅಪ್ಪಟ ಪ್ರಾದೇಶಿಕ ಮಾತು ಹೊರದೇಶದ ಪ್ರೇಕ್ಷಕರಿಗೆ ಸುಲಭವಾಗಿ ಅರ್ಥವಾಗದಿರಬಹುದು. ಹೀಗಾಗಿ ನೈಜತೆ ಮತ್ತು ಸುಗಮ ಗ್ರಹಿಕೆಯ ನಡುವಿನ ಆಯ್ಕೆ ನಿರ್ದೇಶಕರ ಮುಂದೆ ಸದಾ ಇರುತ್ತದೆ.